ಹೆಸರು ಹೇಳಬಾರದ ತೊರೆ

ನನ್ನ ಹೆಂಡತಿ ನಡೀನ್‌ಳ ತವರಿನವರು ಮೂರು ತಲೆಮಾರಿನಿಂದ ಒಂದು ತೊರೆಯ ಹೆಸರನ್ನು ಬಾಯಿಂದ ಹೊರಗೆ ಬಿಟ್ಟವರಲ್ಲ. ನಾನು ಆ ಮನೆಯ ಅಳಿಯ, ಲೈಲ್. ನಮಗೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳೂ ಮದುವೆಯಾಗಿ ಊರು ಬಿಟ್ಟರೂ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ವರ್ಷಕ್ಕೆ ನಾಲ್ಕೈದು ಸಲ ನನ್ನ ಮಾವ ಎಲ್ವುಡ್ ಮತ್ತು ಅವರ ಮಗಳು ಬೆಳಗಿನ ಜಾವಕ್ಕೇ ಪಿಕಪ್ ಹತ್ತಿ ಹೋಗುತ್ತಿದ್ದರು. ಮಧ್ಯಾಹ್ನ ಹಸಿ ಜರೀಗಿಡದ ಎಲೆಯಲ್ಲಿ ಸುತ್ತಿದ, ಗೇಣುದ್ದವೂ ಇಲ್ಲದ ಟ್ರೌಟ್ ಮೀನು ತರುತ್ತಿದ್ದರು. ಎಲ್ಲಿ ಹಿಡಿದಿರಿ ಎಂದು ಕೇಳಿದರೆ ಮಾವ "ನೀರಲ್ಲಿ" ಎನ್ನುತ್ತಿದ್ದರು. ಹೆಂಡತಿಯನ್ನು ಕೇಳಿದರೆ ಅವಳು ಬಾಣಲೆ ಕಡೆ ತಿರುಗಿಕೊಳ್ಳುತ್ತಿದ್ದಳು.

ನಮ್ಮ ಉತ್ತರ ಪೆನ್ಸಿಲ್ವೇನಿಯಾದ ಬೆಟ್ಟದ ಜನಕ್ಕೆ ಇದೇನೂ ಹೊಸದಲ್ಲ. ಇಲ್ಲಿ ಹೆಂಡತಿ ಓಡಿಹೋದ ಕಥೆಯನ್ನು ಡೈನರ್‌ನಲ್ಲಿ ಕೂತು ಮೊಟ್ಟೆ ತಿನ್ನುತ್ತಾ ಹೇಳಿಕೊಳ್ಳುವವರಿದ್ದಾರೆ, ನಾಟಿ ಟ್ರೌಟ್ ಇರುವ ತೊರೆಯನ್ನು ಹೇಳುವವರಿಲ್ಲ. ಸರ್ಕಾರದ ಲಾರಿ ತಂದು ಸುರಿಯುವ ಫಾರಂ ಮೀನಿಗಾದರೆ ಏಪ್ರಿಲ್‌ನಲ್ಲಿ ಇಡೀ ಊರು ಭುಜಕ್ಕೆ ಭುಜ ಹಚ್ಚಿ ದಡದಲ್ಲಿ ನಿಂತಿರುತ್ತದೆ. ನಾಟಿ ಮೀನಿನ ವಿಷಯ ಹಾಗಲ್ಲ. ಅಪ್ಪ ಸಾಯುವ ಮೊದಲು ಒಬ್ಬ ಮಗನಿಗೋ ಮಗಳಿಗೋ ತೋರಿಸುತ್ತಾನೆ, ಅಷ್ಟೇ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತನ್ನು ನಮ್ಮವರಷ್ಟು ನಂಬಿದವರು ಯಾರೂ ಇರಲಾರರು.

ಈ ನೆಮ್ಮದಿಗೆ ಕಲ್ಲು ಹಾಕಿದವನು ಕ್ಲೇಟನ್ ಹಮ್ಮೆಲ್. ಊರಿನ ಅಗ್ನಿಶಾಮಕ ತಂಡದ ಮುಖ್ಯಸ್ಥ, ಗಟ್ಟಿ ನಗೆಯ ಮನುಷ್ಯ. ಬೆಟ್ಟದ ತಲೆಯ ಮೇಲಿನ ತನ್ನ ಹುಲ್ಲುಗಾವಲನ್ನು ಗ್ಯಾಸ್ ಕಂಪನಿಗೆ ಲೀಸ್ ಕೊಟ್ಟಿದ್ದ. ಅಲ್ಲಿ ನೆಲ ಸಮ ಮಾಡಿ, ಜಲ್ಲಿ ಹಾಸಿ, ಸಾಲಾಗಿ ಬಾವಿ ಕೊರೆಯುವುದು ಕಂಪನಿಯ ಲೆಕ್ಕಾಚಾರ. ಹುಲ್ಲುಗಾವಲಿನ ಕೆಳಗಿನ ಸರ್ಕಾರಿ ಕಾಡಿನಲ್ಲಿ ಒಂದು ತೊರೆ ಹರಿಯುತ್ತದೆ. ಆ ತೊರೆಯಲ್ಲಿ ಕಾಡು ಟ್ರೌಟ್ ಇದೆ ಎಂದು ಸರ್ಕಾರದ ನಕ್ಷೆಯಲ್ಲಿ ಬರೆದಿದ್ದರೆ, ಅಷ್ಟು ಹತ್ತಿರ ಬಾವಿ ಕೊರೆಯಲು ಅನುಮತಿ ಸಿಗುತ್ತಿರಲಿಲ್ಲ. ನಕ್ಷೆಯಲ್ಲಿ ಏನೂ ಬರೆದಿರಲಿಲ್ಲ.

ಬರೆಯದೇ ಇರಲು ಕಾರಣ ನನ್ನ ಮಾವನೇ. ನಡೀನ್ ಚಿಕ್ಕವಳಿದ್ದಾಗ ಮೀನು ಇಲಾಖೆಯ ಇಬ್ಬರು ಬಂದು ದಾರಿ ಕೇಳಿದ್ದರಂತೆ. ಮಾವ ಅವರಿಗೆ ಕಾಫಿ ಕೊಟ್ಟು, "ಅಲ್ಲೇನಿದೆ ಸ್ವಾಮಿ, ಆಗಸ್ಟ್‌ಗೆ ಒಣಗಿ ಹಾವು ಹರಿದಾಡುತ್ತೆ" ಎಂದು ಹೇಳಿ ಕಳಿಸಿದ್ದರು. ಅದನ್ನು ನೆನೆದು ಅವರು ವರ್ಷಗಟ್ಟಲೆ ನಕ್ಕಿದ್ದುಂಟು.

ಏಪ್ರಿಲ್‌ನಲ್ಲಿ ಊರ ಸಭೆ ನಡೆಯಿತು. ಕಂಪನಿಯ ಕಡೆಯ ಹುಡುಗನೊಬ್ಬ ಗೋಡೆಯ ಮೇಲೆ ನಕ್ಷೆ ತೋರಿಸಿ, ಇಲ್ಲಿ ಯಾವ ಮೀನೂ ಇಲ್ಲ ಎಂದ. ಕ್ಲೇಟನ್ ಕೂತಲ್ಲಿಂದಲೇ ಕೂಗಿದ. "ಅದು ತೊರೆ ಅಲ್ಲ ಕಣಪ್ಪಾ, ಒದ್ದೆ ಗಟಾರ. ಕಪ್ಪೆ ಕೂಡ ಅಲ್ಲಿ ನಡ್ಕೊಂಡು ಹೋಗುತ್ತೆ." ಜನ ಗೊಳ್ಳೆಂದು ನಕ್ಕರು.

ಆಗ ನನ್ನ ಪಕ್ಕದಲ್ಲಿ ಕೂತಿದ್ದ ನಡೀನ್ ಎದ್ದು ನಿಂತಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಸಭೆಯಲ್ಲಿ ಯಾವತ್ತೂ ಬಾಯಿ ತೆರೆದವಳಲ್ಲ.

"ಅದಕ್ಕೆ ಹೆಸರಿದೆ," ಎಂದಳು. "ಟೈಟಸ್ ತೊರೆ. ಎರಡು ಕವಲು ಸೇರೋ ಜಾಗದಿಂದ ಮೇಲೆ, ದೊಡ್ಡ ಹೆಮ್‌ಲಾಕ್ ಮರ ಬಿದ್ದಿರೋ ತನಕ, ಗುಂಡಿ ಗುಂಡಿಗೂ ನಾಟಿ ಟ್ರೌಟ್ ಇದೆ. ಎಡದಡದಲ್ಲಿ ಒಂದು ಚಿಲುಮೆ ಇದೆ. ಬೇಸಿಗೇಲಿ ಅಷ್ಟೂ ಮೀನು ಆ ತಣ್ಣೀರಿಗೆ ಬಂದು ಗುಂಪು ಕಟ್ಟುತ್ತೆ. ನಾನು ಆರು ವರ್ಷದವಳಿದ್ದಾಗಿಂದ ನೋಡಿದ್ದೀನಿ. ಬಂದು ಎಣಿಸಿ."

ನನಗೆ ಆ ಹೆಸರು ತಿಳಿದದ್ದು ಹೀಗೆ, ಊರಿನವರ ಜೊತೆ ಮಡಚುವ ಕುರ್ಚಿಯಲ್ಲಿ ಕೂತು. ಹೆಂಡತಿಯ ಮೇಲೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನಿಗೆ ಇಲ್ಲದ ಗುಟ್ಟು ಕ್ಲೇಟನ್ ಹಮ್ಮೆಲನಿಗೆ ಸಿಕ್ಕಿತಲ್ಲ! ಆದರೆ ಅವಳು ಮಾಡಿದ್ದು ಸರಿ. ಸಭೆಯಲ್ಲಿದ್ದ ಮೀನು ಇಲಾಖೆಯ ತರುಣಿ ಬ್ರಿಜೆಟ್ ಹತ್ತಿರ ಬಂದು ನಡೀನ್‌ಳ ಕೈ ಹಿಡಿದು, ಜುಲೈಯಲ್ಲಿ ನೀರು ಇಳಿದ ಮೇಲೆ ಬಂದು ಪರೀಕ್ಷೆ ಮಾಡುತ್ತೇವೆ, ದೊಡ್ಡದೂ ಮರಿಯೂ ಎರಡೂ ಸಿಕ್ಕಿದರೆ ತೊರೆ ನಕ್ಷೆಗೆ ಹತ್ತುತ್ತದೆ, ಕಂಪನಿ ಹಿಂದೆ ಸರಿಯಲೇಬೇಕು ಎಂದಳು. ಕಂಪನಿಗೆ ಅಲ್ಲಿಯವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ.

ಮಾವನ ಮನೆ ನಮ್ಮ ಅಂಗಳದ ಆಚೆಗೇ ಇದೆ. ಮರುದಿನ ನಡೀನ್ ಆಪಲ್ ಪೈ ಮಾಡಿಕೊಂಡು ಹೋದಳು. ನಾನೂ ಹಿಂದೆ ಹೋದೆ. ನಾವು ಬಾಯಿ ತೆರೆಯುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು.

"ಹೇಳಿಬಿಟ್ಯಾ?" ಎಂದರು ಮಾವ.

"ಹೇಳ್ದೆ ಅಪ್ಪ. ಹೇಳ್ದೇ ಇದ್ರೆ ಉಳಿಯಲ್ಲ."

"ಹೇಳಿದ್ದು ಯಾವುದು ಉಳಿದಿದೆ?"

"ಮೇಲೆ ಗ್ಯಾಸ್ ಬಾವಿ ಬರುತ್ತೆ. ಒಂದು ಸಲ ಕೊಳಕು ನೀರು ಇಳಿದ್ರೆ ಮುಗೀತು, ಒಂದೂ ಬದುಕಲ್ಲ."

"ಮರ ಕಡಿಯೋರು ಬಂದ್ರು, ಹೋದ್ರು. ಕಲ್ಲಿದ್ದಲಿನೋರು ಬಂದ್ರು, ಹೋದ್ರು. ಇವ್ರೂ ಗಂಟುಮೂಟೆ ಕಟ್ಟುತ್ತಾರೆ. ನಕ್ಷೆ ಹತ್ತಿದ ಹೆಸರು ಇಳಿಯಲ್ಲ ನಡೀನ್. ನಾಳೆ ಫಿಲಡೆಲ್ಫಿಯಾದ ಡೆಂಟಿಸ್ಟ್ ಬಂದು ನಿಮ್ಮಜ್ಜ ನಿಲ್ತಿದ್ದ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸ್ಕೋತಾನೆ."

ನಾನು ನಡುವೆ ಬಾಯಿ ಹಾಕಿ, "ಮಾವ, ಕಾಲ ಬದಲಾಗಿದೆ" ಎಂದೆ. ಅವರು ಕಿವಿಯಿಂದ ಶ್ರವಣಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಮಗಳೊಡನೆ ಮಾತು ಬಿಟ್ಟರು. ನಾವು ಊಟ ತೆಗೆದುಕೊಂಡು ಹೋದರೆ ಯಂತ್ರ ಜೇಬಿಗೆ ಹೋಗುತ್ತಿತ್ತು. ತಟ್ಟೆ ಇಟ್ಟು ಬರುತ್ತಿದ್ದೆವು.

ಮಾವ ಹೇಳಿದ್ದರಲ್ಲಿ ಅರ್ಧ ಸುಳ್ಳಾಗಲಿಲ್ಲ. ಡೆಂಟಿಸ್ಟ್ ಬರಬೇಕಾಗಲಿಲ್ಲ, ನಮ್ಮೂರಿನವರೇ ಸಾಕಾದರು. ಮುಂದಿನ ವಾರ ಟೈಟಸ್ ತೊರೆಯ ಬಾಯಲ್ಲಿ ಗಾಡಿಗಳು ಸಾಲುಗಟ್ಟಿದವು. ಎಲ್ಲವೂ ಕಾನೂನಿನ ಪ್ರಕಾರವೇ. ಲೈಸೆನ್ಸ್ ಇದೆ, ದಿನಕ್ಕೆ ಐದು ಮೀನು, ಏಳಿಂಚಿಗೆ ಕಡಿಮೆಯಿಲ್ಲ. ಜುಲೈಯೊಳಗೆ ತೊರೆ ಬರಿದಾಗಲೆಂದು ಕ್ಲೇಟನ್ ತನ್ನ ತಂಡದವರನ್ನೆಲ್ಲ ಪಾಳಿ ಹಾಕಿ ಕಳಿಸಿದ. ಆಮೇಲೆ ತಂಡದ ಫೈರ್ ಹಾಲ್‌ನಲ್ಲಿ ಹೊಸ ಆಂಬುಲೆನ್ಸಿಗೆ ಹಣ ಕೂಡಿಸಲೆಂದು ಮೀನೂಟ ಇಟ್ಟ. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ: "ಇಲ್ಲದ ಮೀನಿನ ಊಟ. ಎಲ್ಲರಿಗೂ ಸ್ವಾಗತ."

ನಡೀನ್ ಹೋಗುತ್ತೇನೆಂದು ಹಟ ಹಿಡಿದಳು. ಹೋಗದಿದ್ದರೆ ಹೆದರಿದಳು ಅಂದುಕೊಳ್ಳುತ್ತಾರೆ ಎಂಬ ವಾದ ಅವಳದು. ಹೋದೆವು. ಕ್ಲೇಟನ್ ಏಪ್ರನ್ ಕಟ್ಟಿಕೊಂಡು ತಾನೇ ಬಡಿಸುತ್ತಿದ್ದ. ಅವಳ ತಟ್ಟೆಗೆ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಎರಡು ಟ್ರೌಟ್ ಇಟ್ಟ.

"ತಗೋ ನಡೀನ್. ನಿಮ್ಮನೆದೇ. ನಿಮ್ಮಪ್ಪ ಇಷ್ಟು ವರ್ಷ ಒಬ್ಬನೇ ತಿಂದ, ನೀನು ಊರಿಗೆಲ್ಲ ಹಂಚಿದೆ. ಪುಣ್ಯಾತ್ಗಿತ್ತಿ ಕಣೆ ನೀನು."

"ಉಪ್ಪು ಕಡಿಮೆ," ಎಂದಳು ನಡೀನ್, ಎಲ್ಲರಿಗೂ ಕೇಳುವಂತೆ. "ದೊಡ್ಡದನ್ನ ತಿಂದ್ಕೊಳ್ಳಿ ಕ್ಲೇಟನ್. ಮರಿಗಳನ್ನ ನೀವು ಮುಟ್ಟೋ ಹಾಗಿಲ್ಲ. ಜುಲೈಯಲ್ಲಿ ಅವು ಸಾಕು ನಂಗೆ, ಆರಿಂಚಿನವೂ ಸೇರಿ."

ಕ್ಲೇಟನ್‌ನ ನಗೆ ಸ್ವಲ್ಪ ಇಳಿಯಿತು. ಏಳಿಂಚಿನ ಕಾನೂನು ಅವಳ ಕಡೆಗಿತ್ತು. ನಮ್ಮ ನಾಟಿ ಟ್ರೌಟ್ ಹುಟ್ಟಾ ಕುಳ್ಳ, ಹತ್ತರಲ್ಲಿ ಎಂಟು ಆ ಅಳತೆ ಮುಟ್ಟುವುದೇ ಇಲ್ಲ. ಆ ರಾತ್ರಿ ಮನೆಗೆ ಬಂದು ಅವಳು ವಾಂತಿ ಮಾಡಿಕೊಂಡಳು. ನಾನು ಬೆನ್ನು ಸವರಿದೆ. "ಲೈಲ್, ನಾನು ಗೆಲ್ತೀನಿ" ಎಂದಳು. ನಾನು ನಂಬಿದೆ.

ಜೂನ್‌ನಲ್ಲಿ ಆಚೆ ಬೆಟ್ಟದ ಬುಡದ ಸ್ಲೇಟ್ ತೊರೆ ಸತ್ತಿತು. ಅಲ್ಲಿ ಗ್ಯಾಸ್ ಬಾವಿಗಳು ಆಗಲೇ ಇದ್ದವು. ಬಾವಿಯಿಂದ ವಾಪಸ್ ಬರುವ ನೀರನ್ನು ತುಂಬಿಡುವ ಹೊಂಡದ ತಳ ಹರಿದು, ಉಪ್ಪೂ ಇನ್ನೇನೇನೋ ರಸಾಯನವೂ ತುಂಬಿದ ಆ ನೀರು ತೊರೆಗೆ ಇಳಿಯಿತು. ಸುದ್ದಿ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ದನ ಬಿಡಬೇಡಿ, ನಾಯಿ ಬಿಡಬೇಡಿ ಎಂದು ಶಾಲೆಯ ಮಕ್ಕಳೂ ಹೇಳಿಕೊಂಡು ತಿರುಗಿದರು. ಡೈನರ್‌ನಲ್ಲಿ ವಾರವಿಡೀ ಅದೇ ಮಾತು. ನಾನು ಮಾವನ ಮನೆಯಲ್ಲೂ ಹೇಳಿದೆ, ತಟ್ಟೆ ಇಡುತ್ತಾ. ಯಂತ್ರ ಜೇಬಿನಲ್ಲಿತ್ತು. ಅವರು ನನ್ನ ಬಾಯಿ ಅಲ್ಲಾಡುವುದನ್ನು ನೋಡಿ ಗೋಡೆ ಕಡೆ ತಿರುಗಿದರು.

ಪರೀಕ್ಷೆಯ ದಿನ ಗೊತ್ತಾಯಿತು. ಅದಕ್ಕೆ ಮುಂಚಿನ ವಾರವೆಲ್ಲ ಮಾವ ದಿನಾ ಬೆಳಿಗ್ಗೆ ಪಿಕಪ್‌ನಲ್ಲಿ ಹೊರಡತೊಡಗಿದರು. ಹಿಂದೆ ಹಳೆಯ ಹಾಲಿನ ಕ್ಯಾನುಗಳು, ಐಸ್ ಚೀಲ. ಒಂದು ದಿನ ಅಂಗಳದಲ್ಲಿ ಅಡ್ಡ ನಿಂತು, "ಕ್ಯಾನ್ ಎಲ್ಲಿಗೆ ಮಾವ?" ಎಂದು ಕಿರುಚಿ ಕೇಳಿದೆ. "ನೀರು ತುಂಬಕ್ಕೆ" ಎಂದರು. ಕೇಳಿದ್ದಕ್ಕೆ ಅವರು ಯಾವತ್ತು ನೆಟ್ಟಗೆ ಉತ್ತರ ಕೊಟ್ಟಿದ್ದರು? ದಾರಿ ಬಿಟ್ಟೆ.

ಆ ದಿನ ಬ್ರಿಜೆಟ್ ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು ತೊರೆಗೆ ಇಳಿದಳು. ಕೈಯಲ್ಲಿನ ಕೋಲಿನಿಂದ ನೀರಿಗೆ ಕರೆಂಟ್ ಬಿಟ್ಟರೆ ಮೀನು ಕ್ಷಣ ಹೊತ್ತು ಎಚ್ಚರ ತಪ್ಪಿ ತೇಲುತ್ತದೆ. ಎಣಿಸಿ ಅಳೆದು ಮತ್ತೆ ಬಿಡುತ್ತಾರೆ. ಅವಳ ಹಿಂದೆ ಜಾಲರಿ ಹಿಡಿದ ಇಬ್ಬರು. ದಡದಲ್ಲಿ ನಾವು, ಕಂಪನಿಯ ಹುಡುಗ, ಕ್ಲೇಟನ್ ಮತ್ತವನ ತಂಡ. ದೂರದಲ್ಲಿ ರಸ್ತೆ ಬದಿಗೆ ಮಾವನ ಪಿಕಪ್. ಹಿಂದಿನ ಹಲಗೆ ಇಳಿಸಿ ಕಾಲು ಇಳಿಬಿಟ್ಟು ಕೂತಿದ್ದರು. ಅಪ್ಪ ಬಂದಿದ್ದಾನೆ ಎಂದು ನಡೀನ್ ಕಣ್ಣು ತುಂಬಿಕೊಂಡಳು. ಮನಸ್ಸು ಕರಗಿದೆ ಎಂದುಕೊಂಡಳು ಪಾಪ.

ಮೊದಲ ಗುಂಡಿಯಲ್ಲಿ ಸೀಗಡಿ ಜಾತಿಯವು ಬಂದವು. ಎರಡನೆಯದರಲ್ಲಿ ಬೆರಳುದ್ದದ ಕಪ್ಪು ಮೀನು, ಟ್ರೌಟ್ ಅಲ್ಲ. ಮೂರನೆಯದರಲ್ಲಿ ಬರೀ ಎಲೆ. ನಡೀನ್ ದಡದ ಮೇಲೆ ಅವರ ಜೊತೆಗೇ ಹೆಜ್ಜೆ ಹಾಕುತ್ತಾ, "ಮೇಲೆ, ಇನ್ನೂ ಮೇಲೆ, ಆ ಬೇರಿನ ಕೆಳಗೆ" ಎನ್ನುತ್ತಿದ್ದಳು. ಬೇರಿನ ಕೆಳಗೆ ಏನೂ ಇರಲಿಲ್ಲ. ಚಿಲುಮೆಯ ಬಾಯಿಗೆ ಬಂದರು. ಅವಳು ಮೊಣಕಾಲೂರಿ ಕೂತು, "ಇಲ್ಲಿ" ಎಂದಳು. ಬ್ರಿಜೆಟ್ ಕೋಲು ಇಳಿಸಿದಳು. ಒಂದು ಮರಿ ತೇಲಿತು. ನನ್ನ ಕಿರುಬೆರಳಿನಷ್ಟು. ಪಕ್ಕೆಯಲ್ಲಿ ಕೆಂಪು ಚುಕ್ಕಿ ಇನ್ನೂ ಮೂಡಿರಲಿಲ್ಲ. ಮತ್ತೆ ಮತ್ತೆ ಇಳಿಸಿದರೂ ಬೇರೆ ಒಂದೂ ಬರಲಿಲ್ಲ.

"ಫ್ರೇಮ್ ಹಾಕಿಸಿಡು ನಡೀನ್," ಎಂದ ಕ್ಲೇಟನ್. "ಹಾಲ್‌ನಲ್ಲಿ ತೂಗುಹಾಕೋಣ. ಟೈಟಸ್ ಸಾಮ್ರಾಜ್ಯದ ಕೊನೇ ದೊರೆ." ಅವನ ತಂಡದವರು ನಕ್ಕರು. ಕಂಪನಿಯ ಹುಡುಗ ಮಾತ್ರ ಸಭ್ಯತೆಗೆ ನೆಲ ನೋಡಿದ.

ಬ್ರಿಜೆಟ್‌ಳ ಮುಖ ಇಳಿದುಹೋಗಿತ್ತು. "ಎರಡು ವಯಸ್ಸಿನವು ಬೇಕಿತ್ತು. ಒಂದು ಮರಿಗೆ ನಾನೇನೂ ಮಾಡೋಕಾಗಲ್ಲ," ಎಂದಳು. "ಆದ್ರೆ ಜನ ಇಷ್ಟು ತುಳಿದಾಡಿದ್ದಾರೆ, ಅದನ್ನ ಕಾರಣ ಕೊಟ್ಟು ಇನ್ನೊಂದೇ ಒಂದು ಪರೀಕ್ಷೆಗೆ ಮೇಲಿನವರನ್ನ ಕೇಳ್ತೀನಿ. ಮುಂದಿನ ವಾರ. ಅದಾದ ಮೇಲೆ ಆಗಲ್ಲ."

ನಾವು ರಸ್ತೆಗೆ ಬಂದಾಗ ಮಾವ ಶ್ರವಣಯಂತ್ರವನ್ನು ಕಿವಿಗೆ ಹಾಕಿಕೊಂಡು ಕೂತಿದ್ದರು. ಏಪ್ರಿಲ್‌ನಿಂದ ಮೊದಲ ಸಲ ಮಗಳೊಡನೆ ಮಾತಾಡಿದರು. ಮುಖದಲ್ಲಿ ಖುಷಿ ಕುಣಿಯುತ್ತಿತ್ತು.

"ಎಷ್ಟು ಸಿಕ್ತು?"

"ಒಂದು ಮರಿ."

"ಒಂದಾ?" ಹುಬ್ಬು ಗಂಟಿಕ್ಕಿದರು. "ಅದು ಹೇಗೆ ತಪ್ಪಿಸ್ಕೊಳ್ತು ನನ್ನ ಕೈಯಿಂದ?"

ನಡೀನ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನನಗೆ ಕ್ಯಾನುಗಳು ನೆನಪಾದವು.

"ಅಪ್ಪ... ನೀನಾ?"

"ಮತ್ತೆ? ಆ ಹಮ್ಮೆಲ್‌ಗೆ ಕರಿದು ತಿನ್ನೋಕೆ ಬಿಡ್ಲಾ? ಆ ಹುಡುಗಿಗೆ ನಕ್ಷೆ ಮೇಲೆ ಬರೆಯೋಕೆ ಬಿಡ್ಲಾ? ಒಂದೊಂದು ಗುಂಡಿನೂ ನಂಗೆ ಗೊತ್ತು. ಒಂದೊಂದಾಗಿ ಎತ್ತಿದೆ. ದೊಡ್ಡವನ್ನ ಮುಳ್ಳಿಲ್ಲದ ಗಾಳದಲ್ಲಿ, ಮರಿಗಳನ್ನ ಜಾಲರಿಯಲ್ಲಿ, ಒಂದ್ರ ತುಟೀನೂ ಹರಿದಿಲ್ಲ. ಬೇರೆ ಕಡೆ ಬಿಟ್ಟಿದ್ದೀನಿ. ಬದುಕ್ಕೊಳ್ತವೆ."

"ಎಲ್ಲಿ ಬಿಟ್ಟೆ?"

"ಹೇಳಲ್ಲ."

"ಅಪ್ಪ, ಇನ್ನೊಂದು ವಾರ ಇದೆ. ವಾಪಸ್ ತಂದು ಹಾಕೋಣ. ನಿನ್ನ ಕಾಲಿಗೆ ಬೀಳ್ತೀನಿ. ಆ ಹೊತ್ತಿಗೆ ಅವು ಇಲ್ಲಿದ್ರೆ ಸಾಕು, ಯಾರೂ ಬಾವಿ ಕೊರೆಯೋಕಾಗಲ್ಲ."

"ನಿಂಗೆ ಹೇಳೋದೂ ಒಂದೇ, ಡೈನರ್ ಗೋಡೆ ಮೇಲೆ ಬರೆಯೋದೂ ಒಂದೇ. ಒಂದು ತೊರೆ ಕಳೆದೆ. ಇನ್ನೊಂದು ಕೊಡಲ್ಲ."

ಹಲಗೆ ಮೇಲೆತ್ತಿ, ಪಿಕಪ್ ಹತ್ತಿ ಹೊರಟುಹೋದರು. ನಡೀನ್ ರಸ್ತೆಯ ಮಧ್ಯೆ ನಿಂತಿದ್ದಳು. ಇಪ್ಪತ್ತೆಂಟು ಸಾವಿರ ಬೈಗುಳ ನನ್ನ ಬಾಯಿಗೆ ಬಂದವು, ಒಂದನ್ನೂ ಬಿಡಲಿಲ್ಲ. ನನ್ನ ತಲೆ ಬೇರೆಲ್ಲೋ ಓಡುತ್ತಿತ್ತು. ಆ ಮುದಿ ಗಾಡಿ ಏರು ಹತ್ತುವುದಿಲ್ಲ. ಕ್ಯಾನಿನ ಐಸ್ ಕರಗುವ ಮೊದಲು ಮುಟ್ಟಬೇಕು. ಜನ ಸುಳಿಯದ ಜಾಗ ಬೇಕು. ಈಗ ನಮ್ಮ ಸುತ್ತಮುತ್ತ ಯಾರೂ ಕಾಲಿಡದ ತೊರೆ ಯಾವುದು? ಯಾಕೆ ಕಾಲಿಡುವುದಿಲ್ಲ?

"ಸ್ಲೇಟ್ ತೊರೆ," ಎಂದೆ.

ನಡೀನ್ ನನ್ನ ಮುಖ ನೋಡಿದಳು. "ಇಲ್ಲ," ಎಂದಳು. "ಯಾರನ್ನಾದ್ರೂ ಕೇಳಿರ್ತಾನೆ."

ಯಾರನ್ನು ಕೇಳುತ್ತಾರೆ? ತೊರೆಯ ಬಗ್ಗೆ ಕೇಳಿದರೆ, ಯಾಕೆ ಕೇಳಿದ ಎಂದು ಎದುರಿನವನು ಯೋಚಿಸುತ್ತಾನೆ. ಕೇಳುವುದೂ ಅರ್ಧ ಹೇಳಿದಂತೆಯೇ. ಈ ಪಾಠ ಅವರೇ ಅವಳಿಗೆ ಆರನೇ ವಯಸ್ಸಿನಲ್ಲಿ ಕಲಿಸಿದ್ದು.

ಸ್ಲೇಟ್ ತೊರೆಗೆ ಹೋಗುವ ಮಣ್ಣು ರಸ್ತೆಯಲ್ಲಿ ಮಾವನ ಟೈರಿನ ಗುರುತು ಹಸಿಯಾಗೇ ಇತ್ತು. ತೊರೆಯ ನೀರು ತಿಳಿಯಾಗಿತ್ತು, ಅಂಥ ತಿಳಿನೀರು ನಾನು ನೋಡಿಲ್ಲ. ಪಾಚಿಯಿಲ್ಲ, ಹುಳವಿಲ್ಲ, ಕಪ್ಪೆಯ ಸದ್ದಿಲ್ಲ. ಮುದುಕನ ಮಸುಕು ಕಣ್ಣಿಗೆ ಅದು ಸ್ವರ್ಗದಂತೆ ಕಂಡಿರಬೇಕು. ಸೇತುವೆಯ ಕೆಳಗಿನ ಗುಂಡಿಯಲ್ಲಿ, ಮೇಲಿನಿಂದ ಕ್ಯಾನ್ ಸುರಿದು ಹೋದವರಿಗೆ ಕಾಣದ ನೆರಳಲ್ಲಿ, ಅವೆಲ್ಲ ಇದ್ದವು. ದೊಡ್ಡವು, ಆರಿಂಚಿನವು, ಮರಿಗಳು, ಬೆಳ್ಳನೆಯ ಹೊಟ್ಟೆ ಮೇಲೆ ಮಾಡಿಕೊಂಡು. ಕೆಲವನ್ನು ರಕೂನ್ ದಡಕ್ಕೆ ಎಳೆದು ಮೂಸಿ ಬಿಟ್ಟುಹೋಗಿತ್ತು. ಹಿಂದಿನ ದಿನ ತಂದು ಬಿಟ್ಟವಿರಬೇಕು, ಒಂದೆರಡರ ಪಕ್ಕೆಯ ಕೆಂಪು ಚುಕ್ಕಿಯೂ ಅದರ ಸುತ್ತಲಿನ ನೀಲಿಯೂ ಇನ್ನೂ ಮಾಸಿರಲಿಲ್ಲ. ನಡೀನ್ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನೀರಿಗೆ ಕೈ ಹಾಕಬೇಡ ಎಂದು ನಾನು ಕೂಗುವಷ್ಟರಲ್ಲಿ ಹಾಕಿದ್ದಳು. ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ತನ್ನ ತಲೆವಸ್ತ್ರದಲ್ಲಿ ಸುತ್ತಿಕೊಂಡಳು.

ಮಾವ ಅಡುಗೆಮನೆಯಲ್ಲಿ ಟೊಮೇಟೊ ಇಟ್ಟ ಬ್ರೆಡ್ ತಿನ್ನುತ್ತಿದ್ದರು. ಅವಳು ತಟ್ಟೆಯ ಪಕ್ಕದಲ್ಲಿ ವಸ್ತ್ರ ಬಿಚ್ಚಿದಳು.

"ಸ್ಲೇಟ್ ತೊರೆ ಅಪ್ಪ. ಅದು ಜೂನ್‌ನಲ್ಲೇ ಸತ್ತಿದೆ. ನೀನು ಯಾರನ್ನ ಕೇಳಿದ್ರೂ ಹೇಳ್ತಿದ್ರು. ಕ್ಲೇಟನ್‌ನ ಕೇಳಿದ್ರೂ ಹೇಳ್ತಿದ್ದ. ಒಂದೂ ಉಳಿದಿಲ್ಲ. ಟೈಟಸ್‌ನಲ್ಲೂ ಇಲ್ಲ, ಅಲ್ಲೂ ಇಲ್ಲ."

ಇದನ್ನು ಅವಳು ಮೆಲ್ಲಗೆ ಹೇಳಲಿಲ್ಲ. ಒಂದೊಂದು ಮಾತನ್ನೂ ಮೊಳೆ ಹೊಡೆದ ಹಾಗೆ ಹೊಡೆದಳು. ಮುದುಕನ ಎದೆ ಅಲ್ಲೇ ಒಡೆಯಲಿ ಎಂದೇ ಹೇಳಿದಳು, ಅದು ನನಗೆ ಗೊತ್ತು, ಮತ್ತು ಅವಳನ್ನು ನಾನು ತಡೆಯಲಿಲ್ಲ.

ಮಾವ ಒಂದು ಬೆರಳಿನಿಂದ ಮೀನನ್ನು ಆ ಪಕ್ಕಕ್ಕೆ ಹೊರಳಿಸಿದರು. ಈ ಪಕ್ಕಕ್ಕೆ ಹೊರಳಿಸಿದರು. ಬಹಳ ಹೊತ್ತು ನೋಡಿದರು. ಕಡೆಗೆ ತಲೆಯೆತ್ತಿ ಮಗಳ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು:

"ನೀವು ಅಲ್ಲಿಗೆ ಹೋಗೋವಾಗ ಯಾರಾದ್ರೂ ನೋಡಿದ್ರಾ?"

"ಇಲ್ಲ," ಎಂದಳು ನಡೀನ್.

"ಒಳ್ಳೇದಾಯ್ತು," ಎಂದರು ಮಾವ. ಮೀನನ್ನು ವಸ್ತ್ರದಲ್ಲಿ ಸುತ್ತಿ ಪಕ್ಕಕ್ಕೆ ಸರಿಸಿ, ಉಳಿದ ಬ್ರೆಡ್ಡಿನ ಚೂರನ್ನು ಕೈಗೆತ್ತಿಕೊಂಡರು.